ಕುಟ್ಟನ ತೂಕ ಇಳಿಯುತ್ತಿದ್ದಾಗ

ಬೆಕ್ಕು ಮೇಜಿನ ಮೇಲೆ ಬಂದ ಕೂಡಲೇ ನಾನು ಮೊದಲು ನೋಡುವುದು ಅದರ ಕಿವಿಯ ಒಳಭಾಗವನ್ನು. ತಂದವರು ಕಾಲು ನೋವು ಎನ್ನಲಿ, ತುರಿಕೆ ಎನ್ನಲಿ, ಅಷ್ಟರಲ್ಲಿ ನನ್ನ ಹೆಬ್ಬೆರಳು ಕಿವಿಯನ್ನು ಮಗುಚಿ ಬೆಳಕಿಗೆ ಹಿಡಿದಿರುತ್ತದೆ. ಅಲ್ಲಿ ತೆಳು ಗುಲಾಬಿ ಕಂಡ ಮೇಲೆಯೇ ಉಳಿದ ಮಾತು. ಈ ಅಭ್ಯಾಸ ಅಂಟಿದ್ದು ಕುಟ್ಟನಿಂದ.

ಕಾಸರಗೋಡು ಪೇಟೆಯ ಒಂದು ಸಣ್ಣ ಪ್ರಾಣಿ ಚಿಕಿತ್ಸಾಲಯದಲ್ಲಿ ನಾನು ಡಾಕ್ಟರರ ಸಹಾಯಕಿ. ಕಳೆದ ವರ್ಷ ಮೇ ತಿಂಗಳ ಒಂದು ಶನಿವಾರ ಶಿರಿಯದಿಂದ ಕನ್ನಡ ಶಾಲೆಯ ಟೀಚರೊಬ್ಬರು ಬೆತ್ತದ ಬುಟ್ಟಿಯಲ್ಲಿ ಅವನನ್ನು ತಂದರು. ಬಿಳಿ ಮೈ, ಬೆನ್ನಿನ ಮೇಲೆ ಕೇಸರಿ ಮಚ್ಚೆ. ಮುಚ್ಚಳ ತೆಗೆದರೂ ಅವನು ಹೊರಗೆ ಬರಲಿಲ್ಲ. ನಾನೂ ಟೀಚರೂ ಸೇರಿ ಎತ್ತಿದೆವು. ಹಸುಗೂಸುಗಳನ್ನು ತೂಗುವ ತಟ್ಟೆಯಂಥ ಯಂತ್ರದಲ್ಲಿ ಕೂರಿಸಿದಾಗ 7.20 ಎಂದು ತೋರಿಸಿತು. ಪಕ್ಕೆಲುಬು ಹುಡುಕಲು ಬೆರಳು ಒತ್ತಿದರೆ ಹಿಟ್ಟಿನ ಮುದ್ದೆಗೆ ಒತ್ತಿದ ಹಾಗೆ ಒಳಗೆ ಹೋಗುತ್ತಿತ್ತು. ನಾಲಗೆ ತಲುಪದ ಕಾರಣ ಬೆನ್ನಿನ ಹಿಂಭಾಗದ ಕೂದಲು ಗಂಟುಗಂಟಾಗಿತ್ತು. ನಾಲ್ಕು ಹೆಜ್ಜೆ ನಡೆದರೆ ಬಾಯಿ ತೆರೆದು ಏದುಸಿರು.

“ಎಂತ ಟೀಚರೇ, ಇವನಿಗೆ ಎಂತೆಲ್ಲ ಹಾಕ್ತೀರಿ?” ಎಂದು ಡಾಕ್ಟರರು ಕೇಳಿದರು.

“ಹೆಚ್ಚೆಂತ ಇಲ್ಲ ಡಾಕ್ಟ್ರೇ. ಬೆಳಿಗ್ಗೆ ದೋಸೆ, ಸ್ವಲ್ಪ ತುಪ್ಪ. ಮಧ್ಯಾಹ್ನ ಮೊಸರನ್ನ. ಮತ್ತೆ ಇವರು ದೇವಸ್ಥಾನದಿಂದ ಬರುವಾಗ ನೈವೇದ್ಯದ ಪಾಯಸ ತರ್ತಾರಲ್ಲ, ಅದರಲ್ಲಿ ಒಂದು ಚಮಚ.”

“ಚಮಚವಾ, ಸೌಟಾ?”

“ಅದು ಇವರನ್ನೇ ಕೇಳಬೇಕು,” ಎಂದು ಟೀಚರ್ ನಕ್ಕರು. ‘ಇವರು’ ಎಂದರೆ ಅವರ ಗಂಡ, ಊರಿನ ದೇವಸ್ಥಾನದ ಅರ್ಚಕರಾದ ಭಟ್ಟರು.

“ಮೀನು ಗೀನು?”

“ಶಿವ ಶಿವ! ನಮ್ಮ ಕುಟ್ಟ ಶುದ್ಧ ಸಸ್ಯಾಹಾರಿ. ಪಕ್ಕದಲ್ಲೇ ದೋಣಿಯವರ ಮನೆ ಉಂಟು. ಅಲ್ಲಿ ಬಂಗುಡೆ ಕೊಯ್ಯುವಾಗಲೂ ಇವ ಆಚೆ ತಿರುಗಿ ನೋಡುವವನಲ್ಲ. ಮನೆಯ ಸಂಸ್ಕಾರ ಅಲ್ವಾ?”

ಟೀಚರ್ ಕೈ ತೊಳೆಯಲು ಹೋದಾಗ ಡಾಕ್ಟರರು ಟಾರ್ಚಿನಿಂದ ಕುಟ್ಟನ ಕಣ್ಣು ನೋಡಿದರು, ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಬರೀ ಮೊಸರನ್ನ ತಿಂದ ಬೆಕ್ಕಿನ ಕಣ್ಣು, ಹೃದಯ ಎರಡೂ ಕೆಡ್ತದೆ. ಇವನದ್ದು ಎರಡೂ ಗಟ್ಟಿ ಉಂಟು. ಎಲ್ಲಿಂದಲೋ ಮಾಂಸ ಸಿಗ್ತಾ ಉಂಟು ಮಾರಾಯ್ತಿ.”

“ಇಲಿ ಇರಬಹುದಾ ಸರ್?”

“ಈ ಹೊಟ್ಟೆ ಹೊತ್ತುಕೊಂಡು ಇಲಿ ಹಿಂದೆ ಓಡ್ತಾನಾ?” ಎಂದರು. ಅಷ್ಟರಲ್ಲಿ ಒಂದು ನಾಯಿ ಬಂತು. ಆ ಪ್ರಶ್ನೆ ಅಲ್ಲಿಗೇ ನಿಂತಿತು.

ಕುಟ್ಟನ ತೂಕ ಇಳಿಸುವ ಕೆಲಸವನ್ನು ಡಾಕ್ಟರರು ನನಗೆ ವಹಿಸಿದರು. ನನ್ನ ಮನೆ ಕುಂಬಳೆ. ಅಲ್ಲಿಂದ ಶಿರಿಯ ದೂರವಲ್ಲ. ಶನಿವಾರ ಮಧ್ಯಾಹ್ನ ಕೆಲಸ ಮುಗಿಸಿ ಹೋಗಿ ತೂಗಿ ಬರಬೇಕು. ಗುರಿ ಐದೂವರೆ ಕಿಲೋ, ಅವಸರವಿಲ್ಲ. ವಾರಕ್ಕೆ ನೂರು ಗ್ರಾಂ ಆಸುಪಾಸು ಇಳಿದರೆ ಸಾಕು, ನೂರೈವತ್ತು ದಾಟಿದರೆ ತಿಳಿಸಬೇಕು. ಕೊನೆಗೆ ಅವರು ಹೇಳಿದ ಮಾತನ್ನು ನಾನು ಡೈರಿಯಲ್ಲಿ ಅವರ ಬಾಯಿಯ ಮಾತಾಗಿಯೇ ಬರೆದುಕೊಂಡೆ: “ದಪ್ಪ ಬೆಕ್ಕು ಊಟ ಬಿಡಬಾರದು. ನಾಯಿ ಎರಡು ದಿನ ತಿನ್ನದಿದ್ದರೆ ಎಂತ ಆಗುವುದಿಲ್ಲ. ದಪ್ಪ ಬೆಕ್ಕು ಬಿಟ್ಟರೆ ಮೈಯ ಕೊಬ್ಬೆಲ್ಲ ಕರಗಿ ಲಿವರಿಗೆ ನುಗ್ತದೆ. ಲಿವರ್ ಕಟ್ಟಿ ಹೋಗ್ತದೆ. ಕಿವಿ ಹಳದಿಯಾದ ಮೇಲೆ ನಮ್ಮ ಕೈಯಲ್ಲಿ ಹೆಚ್ಚೆಂತ ಇರುವುದಿಲ್ಲ.”

ತೂಕ ಇಳಿಸುವ ಒಣ ಆಹಾರದ ಚೀಲವನ್ನು ಟೀಚರ ಕೈಗೆ ಕೊಟ್ಟೆ. ಅವರು ಬಾಯಿ ಬಿಚ್ಚಿ ಮೂಸಿ ತಕ್ಷಣ ಮುಚ್ಚಿದರು.

“ಇದಕ್ಕೆ ಮೀನಿನ ವಾಸನೆ ಉಂಟಲ್ಲ ಮಗಾ?”

“ಬಿಸ್ಕೆಟ್ ಅಂತ ಎಣಿಸಿ ಟೀಚರೇ,” ಎಂದರು ಡಾಕ್ಟರರು.

“ನಾನು ಎಣಿಸಬಹುದು. ನನ್ನ ಮೂಗು ಎಣಿಸಬೇಕಲ್ಲ!”

ಆದರೂ ಒಪ್ಪಿಕೊಂಡರು. ದಿನಕ್ಕೆ ಐವತ್ತೈದು ಗ್ರಾಂ, ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ದೋಸೆ, ಮೊಸರನ್ನ, ಪಾಯಸ ಎಲ್ಲ ಬಂದ್. ಬಟ್ಟಲಿನಲ್ಲಿ ಉಳಿದದ್ದನ್ನು ತೂಗಿ ನನಗೆ ಸಂದೇಶ ಕಳಿಸಬೇಕು. ಚಿಕಿತ್ಸಾಲಯದಲ್ಲೇ ನಾಲ್ಕು ಕಾಳು ಇಟ್ಟು ನೋಡಿದೆವು. ಕುಟ್ಟ ಮೂಸಿದ, ಎರಡು ಕಾಳು ಕಟಕಟ ಜಗಿದ. ತಿನ್ನುತ್ತಾನೆ ಎಂದುಕೊಂಡೆ.

ಆ ವಾಸನೆಯ ಆಹಾರ ಅವರ ಮನೆಯೊಳಗೆ ಹೋಗುವ ಹಾಗಿರಲಿಲ್ಲ. ಒಳಗೆ ದೇವರ ಕೋಣೆ, ಭಟ್ಟರ ಮಡಿ. ಟೀಚರ್ ಬಟ್ಟಲನ್ನು ಹಿತ್ತಲಿನಲ್ಲಿ, ಬಚ್ಚಲಿನ ಆಚೆ, ಬಟ್ಟೆ ಒಗೆಯುವ ಕಲ್ಲಿನ ಬುಡದಲ್ಲಿ ಇಟ್ಟು, ಕೈ ತೊಳೆದು ಒಳಗೆ ಬರುತ್ತಿದ್ದರು. ಅರ್ಧ ಗಂಟೆ ಬಿಟ್ಟು ಹೋಗಿ ಬಟ್ಟಲು ತೆಗೆಯುತ್ತಿದ್ದರು. ಮೊದಲ ಶನಿವಾರವೇ ನನಗೆ ಜಾಗ ತೋರಿಸಿದರು. ತೆಂಗಿನ ನೆರಳು, ಮೇಲೆ ತಗಡಿನ ಮಾಡು. ಒಳ್ಳೆಯ ಜಾಗ ಎಂದು ನಾನೂ ಹೇಳಿದೆ.

ಮೂರು ವಾರ ಎಲ್ಲವೂ ಪಾಠದ ಹಾಗೆ ನಡೆಯಿತು. 7.11. ಆಮೇಲೆ 7.03. ಆಮೇಲೆ 6.94. ಉಳಿಕೆ ಸೊನ್ನೆ, ಸೊನ್ನೆ, ಸೊನ್ನೆ. “ಒಂದು ಕಾಳೂ ಬಿಡುವುದಿಲ್ಲ, ಬಟ್ಟಲು ನೆಕ್ಕಿದ ಹಾಗೆ ಇರ್ತದೆ,” ಎನ್ನುತ್ತಿದ್ದರು ಟೀಚರ್. ಭಟ್ಟರು ಮಾತ್ರ ಒಂದು ಶನಿವಾರ ಜಗಲಿಯಲ್ಲಿ ಕೂತು ನನ್ನನ್ನು ಕೇಳಿದರು: “ಪಾಯಸದ್ದು ಒಂದು ಚಮಚ, ಏಕಾದಶಿಗೆ?” ಕೂಡದು ಎಂದೆ. “ನಿನಗೆ ದೇವರ ಭಯ ಇಲ್ಲ ಕೂಸೇ,” ಎಂದರು. ಬೆಕ್ಕಿನ ತಲೆ ಸವರುತ್ತ ನಕ್ಕರು.

ಜೂನ್ ಬಂತು. ಶಾಲೆ ಶುರುವಾಯಿತು, ಮಳೆ ಹಿಡಿಯಿತು. ಪ್ರತಿ ವರ್ಷದ ಹಾಗೆ ಟ್ರಾಲಿಂಗ್ ನಿಷೇಧ ಜಾರಿಗೆ ಬಂದು ದೊಡ್ಡ ಬೋಟುಗಳು ದಡ ಸೇರಿದವು. ಕಡಲು ಎದ್ದಿದ್ದರಿಂದ ಸಣ್ಣ ದೋಣಿಗಳೂ ಇಳಿಯಲಿಲ್ಲ. ಬಸ್ಸಿನಿಂದ ಇಳಿದು ನಡೆಯುವಾಗ ದೋಣಿಗಳಿಗೆ ಟರ್ಪಾಲು ಹೊದಿಸಿದ್ದನ್ನು ನೋಡಿದೆ. ನನ್ನ ಕೆಲಸಕ್ಕೂ ಅದಕ್ಕೂ ಸಂಬಂಧ ಇದೆ ಎಂದು ತೋಚಲಿಲ್ಲ.

ಆ ಶನಿವಾರ 6.78. ನೂರ ಅರುವತ್ತು ಗ್ರಾಂ ಇಳಿದಿತ್ತು. ಡಾಕ್ಟರರಿಗೆ ಫೋನ್ ಮಾಡಿದೆ.

“ತಿನ್ನುತ್ತಾನಾ?”

“ಪೂರಾ ಖಾಲಿ ಸರ್. ಒಂದು ದಿನವೂ ಉಳಿಕೆ ಇಲ್ಲ.”

“ಹಾಗಾದರೆ ಹತ್ತು ಗ್ರಾಂ ಜಾಸ್ತಿ ಮಾಡು.”

ಅರುವತ್ತೈದು ಮಾಡಿದೆವು. ಅದೂ ಖಾಲಿ. ಮರುವಾರ ಯಂತ್ರದಲ್ಲಿ 6.49 ಬಂದಾಗ ಬ್ಯಾಟರಿ ಹೋಗಿರಬೇಕು ಎಂದುಕೊಂಡು ಒಂದು ಕಿಲೋ ಅಕ್ಕಿಯ ಪೊಟ್ಟಣ ತರಿಸಿ ಇಟ್ಟು ನೋಡಿದೆ. ಸರಿಯಾಗಿ ಒಂದು ಕಿಲೋ. ಕುಟ್ಟನನ್ನು ಮತ್ತೆ ಕೂರಿಸಿದೆ. 6.49.

ಬೆನ್ನ ಮೇಲೆ ಕೈ ಆಡಿಸಿದೆ. ಹೊಟ್ಟೆ ಹಾಗೆಯೇ ಜೋಲುತ್ತಿತ್ತು. ಬೆನ್ನೆಲುಬು ಮಾತ್ರ ಮಣಿಮಣಿಯಾಗಿ ಕೈಗೆ ಸಿಕ್ಕಿತು. ಕರಗುತ್ತಿದ್ದುದು ಕೊಬ್ಬಲ್ಲ, ಮಾಂಸ. ಟೀಚರ್ ಸಂತೋಷದಲ್ಲಿದ್ದರು. “ನೋಡು, ಸೊಂಟ ಕಾಣ್ತದೆ ಈಗ!” ಎಂದರು. ನಾನು ಹೊರಗೆ ಬಂದು, ಗೇಟಿನ ಬಳಿ ಕೊಡೆ ಹಿಡಿದುಕೊಂಡು ಡಾಕ್ಟರರಿಗೆ ಹೇಳಿದೆ. ಸೋಮವಾರ ತರಲು ಹೇಳು, ರಕ್ತ ನೋಡುವ, ಎಂದರು.

ಸೋಮವಾರ ಹರತಾಳ. ಬಸ್ಸಿಲ್ಲ, ರಿಕ್ಷಾ ಇಲ್ಲ, ಪೇಟೆಯ ಶಟರುಗಳೆಲ್ಲ ಕೆಳಗೆ. ಟೀಚರಿಗೆ ಮೂರು ಸಲ ಫೋನ್ ಮಾಡಿದೆ. ಕುಟ್ಟ ಕಪಾಟಿನ ಹಿಂದೆ ಮಲಗಿದ್ದಾನೆ, ಕರೆದರೆ ಬರುವುದಿಲ್ಲ, ಬಾಯಿಯಿಂದ ಜೊಲ್ಲು ಬರುತ್ತಿದೆ ಎಂದರು. “ಬಟ್ಟಲು?” ಎಂದೆ. “ಖಾಲಿ,” ಎಂದರು. ತಿನ್ನುವ ಬೆಕ್ಕು ಹೀಗೆ ಕರಗುವುದು ಹೇಗೆ? ಕ್ಯಾನ್ಸರ್, ಸಕ್ಕರೆ ಕಾಯಿಲೆ, ಹುಳ ಎಂದು ನನಗೆ ಗೊತ್ತಿದ್ದ ಹೆಸರುಗಳನ್ನೆಲ್ಲ ಬರೆದು ಒಂದೊಂದಾಗಿ ನೋಡಿದೆ. ಯಾವುದೂ ಹೊಂದಲಿಲ್ಲ. ಹೊಂದುತ್ತಿದ್ದುದು ಡಾಕ್ಟರರು ಹೇಳಿದ್ದ ಲಿವರ್ ಕಾಯಿಲೆ ಒಂದೇ, ಅದಕ್ಕೆ ಅವನು ಊಟ ಬಿಟ್ಟಿರಬೇಕಿತ್ತು.

ಮಂಗಳವಾರ ಮೊದಲ ಬಸ್ಸು ಹಿಡಿದೆ. ನಾನು ಹೋಗುವಾಗ ಟೀಚರ್ ಹಿತ್ತಲಿನಲ್ಲಿ ಡಬ್ಬಿಯಿಂದ ಕಾಳು ಸುರಿಯುತ್ತಿದ್ದರು. ಬಟ್ಟಲು ಇಟ್ಟು, ಕುಟ್ಟನನ್ನು ತರುತ್ತೇನೆಂದು ಒಳಗೆ ಹೋದರು. ನಾನು ಬಚ್ಚಲಿನ ಬಾಗಿಲಲ್ಲಿ ನಿಂತಿದ್ದೆ.

ಕಾಳು ಬಿದ್ದ ಸದ್ದಿಗೆ ಬೇಲಿಯ ಆಚೆಯಿಂದ ಕೋಳಿಗಳು ಓಡಿ ಬಂದವು. ಅವು ಹುಡುಕಲಿಲ್ಲ, ಹಿಂದೆ ಮುಂದೆ ನೋಡಲಿಲ್ಲ. ಗಂಟೆ ಹೊಡೆದಾಗ ಊಟಕ್ಕೆ ಬರುವ ಮಕ್ಕಳ ಹಾಗೆ ನೇರವಾಗಿ ಕಲ್ಲಿನ ಬುಡಕ್ಕೆ ಬಂದವು. ಮುಂದೆ ಹುಂಜ, ಹಿಂದೆ ಐದು ಹೇಂಟೆ. ನಾನು ಕದಲಲಿಲ್ಲ. ಟೀಚರ್ ಒಳಗಿಂದ ಬರುವ ಮೊದಲೇ ಬಟ್ಟಲು ನೆಕ್ಕಿದ ಹಾಗಾಗಿತ್ತು.

ಇಷ್ಟು ವಾರ ನಾನು ಬರೆದುಕೊಂಡ ಸೊನ್ನೆಗಳೆಲ್ಲ ಕೋಳಿಗಳವು.

“ಅಯ್ಯೋ, ನಿಮ್ಮಲ್ಲಿಗೆ ಬಂದಿವೆಯಾ ಇವು!” ಎಂದು ಬೇಲಿಯ ಆಚೆಯಿಂದ ದೋಣಿಮನೆಯ ಅಕ್ಕ ಕೋಲು ಹಿಡಿದು ಬಂದರು. ಕಡಲಿಗೆ ಹೋಗುವವರ ಮನೆಯ ಹೆಂಗಸು, ನಲುವತ್ತರ ಆಸುಪಾಸು. ನನ್ನನ್ನು ನೋಡಿ, “ನೀನು ಬೆಕ್ಕಿನ ಆಸ್ಪತ್ರೆಯ ಹುಡುಗಿ ಅಲ್ವಾ? ಕುಟ್ಟ ಎಲ್ಲಿ ಮಗಾ? ಈ ಕಡೆ ಬರದೆ ಬಹಳ ದಿನ ಆಯ್ತು,” ಎಂದರು.

“ನಿಮ್ಮಲ್ಲಿಗೆ ಬರುತ್ತಿದ್ದನಾ ಅಕ್ಕಾ?”

ಅವರು ಮನೆಯ ಬಾಗಿಲಿನ ಕಡೆ ಒಮ್ಮೆ ನೋಡಿ ಸ್ವರ ತಗ್ಗಿಸಿದರು. “ಟೀಚರಿಗೆ ಹೇಳಬೇಡ. ದಿನಾ ಬರ್ತಿದ್ದ. ಮೀನಿನ ತಲೆ, ಕರುಳು ಎಲ್ಲ ಅವನಿಗೇ. ನಾನು ಮೀನು ಕೊಯ್ಯುವ ಮಣೆಯ ಪಕ್ಕದಲ್ಲೇ ಕೂರ್ತಿದ್ದ. ತಿಂದ ಮೇಲೆ ಒದ್ದೆ ಬಟ್ಟೆಯಲ್ಲಿ ಬಾಯಿ ಒರೆಸಿ ಕಳಿಸ್ತಿದ್ದೆ. ಭಟ್ರ ಮನೆ ಬೆಕ್ಕಲ್ವಾ, ವಾಸನೆ ಬಂದರೆ ಅವರಿಗೆ ಬೇಜಾರು. ಈಗ ಬೋಟು ಇಲ್ಲ, ಮೀನಿಲ್ಲ. ಒಣಮೀನು ಉಪ್ಪು, ಅದನ್ನು ಬೆಕ್ಕಿಗೆ ಹಾಕಬಾರದು. ಸುರುವಿಗೆ ಬಂದು ಖಾಲಿ ಮಣೆ ಮೂಸಿ ಮೂಸಿ ಹೋದ. ಮತ್ತೆ ಬರಲೇ ಇಲ್ಲ. ನಾನು ಎಣಿಸಿದೆ, ಮನೆಯಲ್ಲೇ ಹೊಟ್ಟೆ ತುಂಬ್ತದೆ ಅಂತ.”

ಟೀಚರ್ ಕುಟ್ಟನನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಷ್ಟು ಕೇಳಿಸಿತೋ ಗೊತ್ತಿಲ್ಲ. ನಾನು ಅವರ ಬಳಿ ಹೋಗಿ ಕುಟ್ಟನ ಕಿವಿ ಮಗುಚಿದೆ. ಮಳೆಗಾಲದ ಆ ಮಂಕು ಬೆಳಕಿನಲ್ಲೂ ಕಂಡಿತು: ಅರಸಿನ ನೀರಿನಲ್ಲಿ ಅದ್ದಿ ತೆಗೆದ ಹಾಗೆ ಹಳದಿ. ತುಟಿ ಎತ್ತಿ ನೋಡಿದೆ. ವಸಡೂ ಹಳದಿ.

“ಎಂತಾಯ್ತು?” ಎಂದರು ಟೀಚರ್. ಆಗಲೇ ರಿಕ್ಷಾ ಕರೆದು ಅವನನ್ನು ಚಿಕಿತ್ಸಾಲಯಕ್ಕೆ ಒಯ್ದೆವು.

ರಕ್ತದ ವರದಿ ಅನುಮಾನಕ್ಕೆ ಜಾಗ ಬಿಡಲಿಲ್ಲ. ಹೊಸ ಆಹಾರ ಹಿಡಿಸದ ಬೆಕ್ಕು ಹಸಿವಾದರೂ ಅದನ್ನು ಮುಟ್ಟದೆ ಕೂರಬಹುದು ಎಂದು ಡಾಕ್ಟರರು ವಿವರಿಸಿದರು. ಹುಂಜನ ಕಾವಲು ಬೇರೆ. ಅಷ್ಟು ವಾರ ಅವನನ್ನು ಸಾಕಿದ್ದು ಪಕ್ಕದ ಮನೆಯ ಮೀನು. ಮೊದಲು ತೂಕ ಇಳಿದದ್ದು ದೋಸೆ, ಪಾಯಸ ನಿಂತದ್ದರಿಂದ. ಮೀನೂ ನಿಂತ ಮೇಲೆ ಅವನ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಈಗ ಲಿವರ್ ಕೆಟ್ಟು ವಾಕರಿಕೆ ಬಂದು, ಎದುರಿಗೆ ಏನಿಟ್ಟರೂ ಮುಖ ತಿರುಗಿಸುತ್ತಿದ್ದ. ಮದ್ದು ಎಂದರೆ ಊಟವೇ, ಹೇಗಾದರೂ ಒಳಗೆ ಹೋಗಬೇಕು. ಕುತ್ತಿಗೆಯ ಪಕ್ಕದಿಂದ ಅನ್ನನಾಳಕ್ಕೆ ನಳಿಕೆ ಹಾಕುವುದು ಒಳ್ಳೆಯದು, ಆದರೆ ಅದಕ್ಕೆ ಅರಿವಳಿಕೆ ಬೇಕು. ಈ ಲಿವರ್ ಅದನ್ನು ತಡೆಯುತ್ತದೆ ಎಂಬ ಧೈರ್ಯ ಡಾಕ್ಟರರಿಗೆ ಇರಲಿಲ್ಲ. ಮೂಗಿನ ಮೂಲಕ ತೆಳುವಾದ ನಳಿಕೆ ಇಳಿಸಿ, ಹೊರಗಿನ ತುದಿಯನ್ನು ಹಣೆಗೆ ಅಂಟಿಸಿ, ಮೂಗಿನ ಅಂಚಿಗೆ ಸರಿಯಾಗಿ ನಳಿಕೆಯ ಮೇಲೆ ಕಪ್ಪು ಶಾಯಿಯ ಗೆರೆ ಹಾಕಿದರು. ಕಾಲಿಗೆ ಡ್ರಿಪ್, ವಾಕರಿಕೆಗೆ ಇಂಜೆಕ್ಷನ್.

ಮೂರು ದಿನ ಚಿಕಿತ್ಸಾಲಯದ ಗೂಡಿನಲ್ಲಿ ಇಟ್ಟೆವು. ಕೊಟ್ಟ ದ್ರವಾಹಾರವನ್ನು ಅರ್ಧ ಕಕ್ಕಿದ. ಪಕ್ಕದ ಗೂಡಿನ ನಾಯಿ ಬೊಗಳಿದಾಗಲೆಲ್ಲ ಅವನ ಮೈ ಮರಗಟ್ಟುತ್ತಿತ್ತು. ಮೂರನೆಯ ದಿನ 6.22. ನಾನು ಚೀಟಿಯಲ್ಲಿ ಅಂಕಿ ಬರೆಯುವಾಗ ಪೆನ್ನು ನಿಂತಿತು. ಇದರ ಮುಂದೆ ಇನ್ನೊಂದು ಸಾಲು ಇರುತ್ತದೋ ಇಲ್ಲವೋ ಎಂದು ಮೊದಲ ಬಾರಿಗೆ ಅನಿಸಿತು.

“ಇಲ್ಲಿ ಇಟ್ಟರೆ ಹೆದರಿಕೆಯಲ್ಲೇ ಹೋಗ್ತಾನೆ,” ಎಂದರು ಡಾಕ್ಟರರು. “ಮನೆಗೆ ಕಳಿಸಿದರೆ ನಳಿಕೆ ನೋಡುವವರಿಲ್ಲ.”

“ನಾನು ಹೋಗಿ ಇರ್ತೇನೆ ಸರ್.”

“ನಳಿಕೆ ಜಾರಿ ಶ್ವಾಸಕ್ಕೆ ಹೋದರೆ ಎಂತ ಆಗ್ತದೆ ಅಂತ ಗೊತ್ತುಂಟಲ್ಲ?”

ಗೊತ್ತಿತ್ತು. ಸಿರಿಂಜಿನಲ್ಲಿದ್ದದ್ದೆಲ್ಲ ಶ್ವಾಸಕೋಶಕ್ಕೆ ಹೋಗುತ್ತದೆ. ನನ್ನ ಕೈಯಿಂದಲೇ ಅವನು ಸಾಯುತ್ತಾನೆ. “ಗೊತ್ತುಂಟು ಸರ್,” ಎಂದೆ.

ಟೀಚರಿಗೆ ನಾನೇ ಫೋನ್ ಮಾಡಿದೆ. ಹಿತ್ತಲಾಗದು, ಮನೆಯ ಒಳಗೇ ಆಗಬೇಕು. ಬೆಚ್ಚಗಿನ, ಅವನಿಗೆ ಗುರುತಿರುವ ಜಾಗ. ದ್ರವಾಹಾರಕ್ಕೆ ಮಾಂಸದ ವಾಸನೆ ಇರುತ್ತದೆ, ದಿನಕ್ಕೆ ಆರೇಳು ಸಲ ಕೊಡಬೇಕು, ಎಂದು ಒಂದೇ ಉಸಿರಿನಲ್ಲಿ ಹೇಳಿದೆ. ಆ ಕಡೆ ಟೀಚರ್ ಗಂಡನ ಹತ್ತಿರ ಮಾತಾಡುವುದು ಕೇಳಿಸಿತು.

“ಸೂತಕ ಬಂದರೆ ಹತ್ತು ದಿನ ಒಳಗೆ ಪೂಜೆ ಇರುವುದಿಲ್ಲವಾ, ಹಾಗೆ ಎಣಿಸಿದರಾಯ್ತು,” ಎಂದರು ಭಟ್ಟರು.

“ಸೂತಕ ಅಂತ ಹೇಳಬೇಡಿ ಮಾರಾಯ್ರೇ! ಅವ ಇನ್ನೂ ಇದ್ದಾನೆ.”

“ಸರಿ, ಹೆರಿಗೆ ಅಂತ ಎಣಿಸುವ. ನನ್ನ ಸ್ನಾನ, ಊಟ ದೇವಸ್ಥಾನದಲ್ಲೇ ಆಗ್ತದೆ. ತರಲಿಕ್ಕೆ ಹೇಳು.”

ದೇವರ ಕೋಣೆಯ ಪಕ್ಕದ ಕೋಣೆಯಲ್ಲಿ, ಭಟ್ಟರ ಹಳೆಯ ಪಂಚೆ ಹಾಸಿ ಅವನನ್ನು ಮಲಗಿಸಿದೆವು. ಡಾಕ್ಟರರು ನನಗೆ ರಜೆ ಎಂದು ಹೇಳದೆ, ಕೆಲಸದ ಮೇಲೆ ಕಳಿಸಿದ್ದೇನೆ ಎಂದು ಬರೆದುಕೊಂಡಿದ್ದರು. ಪ್ರತಿ ಸಲವೂ ಒಂದೇ ಕ್ರಮ. ಮೂಗಿನ ಅಂಚಿನಲ್ಲಿ ಕಪ್ಪು ಗೆರೆ ಇದೆಯೇ ನೋಡುವುದು. ಖಾಲಿ ಸಿರಿಂಜಿನಿಂದ ಹಿಂದಕ್ಕೆ ಎಳೆಯುವುದು; ಗಾಳಿ ಬಂದರೆ ನಿಲ್ಲಿಸುವುದು. ಒಂದು ಹನಿ ನೀರು ಬಿಟ್ಟು ಕೆಮ್ಮುತ್ತಾನೋ ಎಂದು ಕಾಯುವುದು. ಆಮೇಲೆ ಮೈಬಿಸಿಗೆ ಬೆಚ್ಚಗೆ ಮಾಡಿದ ದ್ರವಾಹಾರ, ಮೊದಲ ದಿನ ಸ್ವಲ್ಪ, ಮರುದಿನ ಇನ್ನಷ್ಟು, ಒಮ್ಮೆಲೇ ತುಂಬಿಸಿದರೆ ಅದೂ ಅಪಾಯ. ಕೊನೆಗೆ ಮತ್ತೆ ನೀರು, ಮುಚ್ಚಳ. ಬೆಳಗಿನ ಮತ್ತು ಸಂಜೆಯ ಸರದಿಗೆ ಟೀಚರ್ ಪಕ್ಕದಲ್ಲಿ ಕೂತು ಅವನ ತಲೆ ಹಿಡಿಯುತ್ತಿದ್ದರು.

ಮೊದಲ ದಿನ ಕಕ್ಕಲಿಲ್ಲ. ಎರಡನೆಯ ದಿನವೂ ಇಲ್ಲ. ನಾನು ಸ್ವಲ್ಪ ಸಡಿಲವಾದೆ.

ಭಾನುವಾರ ಬೆಳಿಗ್ಗೆ ಗೆರೆ ನೋಡಿದೆ, ಸರಿ ಇತ್ತು. ನೀರಿನ ಹನಿ ಹೋಯಿತು. ಆಹಾರದ ಸಿರಿಂಜು ಸಿಕ್ಕಿಸಿ ಒತ್ತಲು ಶುರು ಮಾಡುವಾಗ ಕುಟ್ಟ ಸೀನಿದ, ಒಂದಲ್ಲ, ಸಾಲಾಗಿ ನಾಲ್ಕೈದು ಸಲ. ಮತ್ತೆ ನೋಡಿದರೆ ಕಪ್ಪು ಗೆರೆ ಮೂಗಿನಿಂದ ಬೆರಳಗಲ ಹೊರಗೆ ಬಂದಿತ್ತು. ಆಮೇಲೆ ಕೆಮ್ಮು. ಒದ್ದೆ ಕೆಮ್ಮು.

ಸಿರಿಂಜು ಬಿಟ್ಟೆ. ಎಷ್ಟು ಹೋಗಿದೆ? ಅಂಕಿ ನೋಡಿದೆ, ಕಣ್ಣಿಗೆ ಅಂಕಿ ನಿಲ್ಲಲಿಲ್ಲ. ಟೀಚರ್ ಅವನನ್ನು ಎದೆಗೆ ಅವಚಿಕೊಂಡು ತಲೆ ತಗ್ಗಿಸಿ ಹಿಡಿದರು. ಫೋನಿನಲ್ಲಿ ಡಾಕ್ಟರರ ಸ್ವರ ನಿಧಾನವಾಗಿತ್ತು: “ನಳಿಕೆ ತೆಗೆ. ಪುನಃ ಹಾಕಲಿಕ್ಕೆ ಹೋಗಬೇಡ. ಉಸಿರು ನೋಡು. ಸರಿ ಇದ್ದರೆ ಸಂಜೆಗೆ ಇಲ್ಲಿಗೆ ತಾ, ಕುತ್ತಿಗೆಯಲ್ಲೇ ಹಾಕುವ.”

“ಅರಿವಳಿಕೆ ತಡೀತಾನಾ ಸರ್?”

“ಗೊತ್ತಿಲ್ಲ. ಅವನು ಬಾಯಿಯಲ್ಲಿ ತಿಂದರೆ ಬೇಡ. ಇಲ್ಲದಿದ್ದರೆ ಬೇರೆ ದಾರಿ ಇಲ್ಲ.”

ನಳಿಕೆ ತೆಗೆದೆ. ಅವನ ಪಕ್ಕೆಯ ಮೇಲೆ ಕೈ ಇಟ್ಟು ಉಸಿರು ಎಣಿಸುತ್ತ ಕೂತೆ. ಸ್ವಲ್ಪ ಹೊತ್ತಿಗೆ ಕೆಮ್ಮು ನಿಂತಿತು, ಉಸಿರಿನಲ್ಲಿ ಗೊರಗೊರ ಇರಲಿಲ್ಲ. ಒಳಗೆ ಹೋದದ್ದು ನಾಲ್ಕು ಹನಿಗಿಂತ ಹೆಚ್ಚಲ್ಲ ಎಂದು ಸಿರಿಂಜಿನ ಗೆರೆ ಹೇಳಿತು. ಆದರೆ ಈಗ ಸಂಜೆಯವರೆಗೆ ಅವನ ಹೊಟ್ಟೆಗೆ ಹೋಗುವ ದಾರಿ ಬಾಯಿ ಒಂದೇ, ಆ ಬಾಯಿ ಅವನು ತೆರೆಯುತ್ತಿರಲಿಲ್ಲ. ಕೋಳಿಸಾರಿನ ಪೇಸ್ಟ್ ತುಟಿಗೆ ಹಚ್ಚಿದೆ, ಒರೆಸಿಕೊಂಡ. ಡಬ್ಬಿಯ ಆಹಾರ ಬಿಸಿ ಮಾಡಿ ಇಟ್ಟೆ, ಮುಖ ತಿರುಗಿಸಿದ. ಭಟ್ಟರು ಬಾಗಿಲ ಹೊರಗೆ ನಿಂತು ಮೆಲ್ಲಗೆ ಕೇಳಿದರು, “ಪಾಯಸ…?” ತನ್ನಿ ಎಂದೆ. ಅದನ್ನೂ ಮೂಸಲಿಲ್ಲ. ಭಟ್ಟರು ಲೋಟ ಹಿಡಿದುಕೊಂಡೇ ಹಿಂದಕ್ಕೆ ಹೋದರು.

ಆಗ ಟೀಚರ್ ಎದ್ದರು. ಹಿತ್ತಲಿನ ಬಾಗಿಲು ತೆರೆದು ಬೇಲಿಯ ಕಡೆ ಗಟ್ಟಿಯಾಗಿ ಕರೆದರು: “ಓಯ್, ಇದ್ದೀಯಾ? ಒಂದು ಸ್ವಲ್ಪ ಮೀನು ಸಿಗಬಹುದಾ ಎಲ್ಲಾದರೂ?”

ಅಕ್ಕ ಬೇಲಿಗೆ ಬಂದರು. ಭಟ್ಟರ ಮನೆಯಿಂದ ಅವರಿಗೆ ಇಂಥ ಪ್ರಶ್ನೆ ಬಂದದ್ದು ಅದೇ ಮೊದಲು.

“ಕಡಲಿನದ್ದು ಇಲ್ಲ ಟೀಚರೇ. ಹೊಳೆಯದ್ದು ನೋಡಬೇಕಷ್ಟೆ. ಇವರು ಬೀಸುಬಲೆ ತೆಕ್ಕೊಂಡು ಹೋಗ್ತಾರೆ, ಹೇಳ್ತೇನೆ.”

ಮಧ್ಯಾಹ್ನ ಕಳೆದ ಮೇಲೆ ಅವರ ಗಂಡ ಮೈಯೆಲ್ಲ ಒದ್ದೆಯಾಗಿ ಬಂದರು. ಕೆಂಪು ನೀರಿನ ಹೊಳೆಯಲ್ಲಿ ಎಷ್ಟೋ ಸಲ ಬಲೆ ಬೀಸಿ ಸಿಕ್ಕಿದ್ದು ಅಂಗೈಯಗಲದ ಮೂರು ಮೀನು. ಉಪ್ಪು, ಅರಸಿನ, ಮೆಣಸು ಏನೂ ಬೇಡ, ಬರೀ ನೀರಿನಲ್ಲಿ ಬೇಯಿಸಿ ಮುಳ್ಳು ತೆಗೆಯಿರಿ ಎಂದೆ. ಅಕ್ಕ ಹಾಗೆಯೇ ಮಾಡಿ, ಸ್ಟೀಲಿನ ಬಟ್ಟಲಿಗೆ ತಟ್ಟೆ ಮುಚ್ಚಿ ತಂದು ಬಚ್ಚಲಿನ ಆಚೆ ಕಲ್ಲಿನ ಬಳಿ ನಿಂತರು. ಬಟ್ಟಲನ್ನು ನನ್ನ ಕಡೆ ಚಾಚಿದರು.

“ನೀನೇ ಒಳಗೆ ಬಾ ಮಾರಾಯ್ತಿ,” ಎಂದರು ಟೀಚರ್. “ಅವನಿಗೆ ಅಲ್ಲಿಗೆ ಬರಲಿಕ್ಕೆ ಆಗುವುದಿಲ್ಲ.”

ಅಕ್ಕ ಕಾಲು ತೊಳೆದರು, ಮತ್ತೊಮ್ಮೆ ತೊಳೆದರು, ಒಳಗೆ ಬಂದರು. ದೇವರ ಕೋಣೆಯ ಮುಂದೆ ಹಾದು ಹೋಗುವಾಗ ಬಟ್ಟಲನ್ನು ಸೆರಗಿನಿಂದ ಮುಚ್ಚಿ ಬಹಳ ಬೇಗ ಹೆಜ್ಜೆ ಹಾಕಿದರು. ಕುಟ್ಟನ ಹತ್ತಿರ ನೆಲದ ಮೇಲೆ ಕೂತು, “ಎಂತ ಮಾರಾಯ, ಇಷ್ಟು ಸೋತು ಹೋದೆಯಾ? ಹುಂಜಕ್ಕೆ ಹೆದರಿದೆಯಾ ನೀನು? ಹೇಳಿದ್ದರೆ ಅದನ್ನೇ ಸಾರು ಮಾಡ್ತಿದ್ದೆನಲ್ಲ,” ಎನ್ನುತ್ತ ಮೀನನ್ನು ಬೆರಳಿನಲ್ಲಿ ಹಿಸುಕಿದರು.

ಕುಟ್ಟನ ಕಿವಿ ಅವರ ಸ್ವರದ ಕಡೆ ತಿರುಗಿತು. ಮೂಗು ಅಲ್ಲಾಡಿತು. ಆಮೇಲೆ ತಲೆ ಮತ್ತೆ ಪಂಚೆಯ ಮೇಲೆ ಬಿತ್ತು. ನಾನು ಗಡಿಯಾರ ನೋಡಿದೆ. ಇನ್ನು ಸ್ವಲ್ಪ ಹೊತ್ತಿನಲ್ಲಿ ರಿಕ್ಷಾ ಕರೆಯಬೇಕು. ಅಕ್ಕ ಅವಸರ ಮಾಡಲಿಲ್ಲ. ಮನೆಯ ಮಣೆಯ ಮೇಲೆ ಕೂತ ಹಾಗೆಯೇ ಕೂತು, ಹಿಸುಕುತ್ತ, ಮುಳ್ಳು ಹುಡುಕುತ್ತ, ಬೋಟಿನವರ ಸುದ್ದಿ, ಕೋಳಿಗಳ ಸುದ್ದಿ ಹೇಳುತ್ತ ಹೋದರು. “ಮಳೆಗಾಲದಲ್ಲಿಯೂ ದಿನಾ ಮೊಟ್ಟೆ ಇಡ್ತಾವೆ ಟೀಚರೇ, ನಾನು ದೇವರ ದಯೆ ಅಂತ ಎಣಿಸಿದ್ದೆ. ನಿಮ್ಮ ಬಿಸ್ಕೆಟಿನ ದಯೆ!” ಟೀಚರ್ ನಗಲು ಹೋಗಿ ಅತ್ತರು.

ಹಾಗೆ ಮಾತಾಡುತ್ತಿರುವಾಗ ಅಕ್ಕನ ಬೆರಳಿನ ತುದಿಗೆ ಕುಟ್ಟನ ನಾಲಗೆ ತಾಗಿತು. ಒಮ್ಮೆ. ಮತ್ತೊಮ್ಮೆ. ಅಕ್ಕ ಮಾತು ನಿಲ್ಲಿಸಲಿಲ್ಲ, ನಮ್ಮ ಕಡೆ ನೋಡಲೂ ಇಲ್ಲ. ಬೆರಳನ್ನು ಅಲ್ಲೇ ಇಟ್ಟುಕೊಂಡು ಇನ್ನೊಂದು ಕೈಯಿಂದ ಹೆಬ್ಬೆರಳಿನಷ್ಟು ಮೀನು ಇಟ್ಟರು. ಅವನು ಬಾಯಿ ತೆರೆದ. ಜಗಿದ. ನುಂಗಿದ. ಆಮೇಲೆ ಇನ್ನೊಂದು ತುಂಡು.

ಒಂದು ಮೀನಿನ ಅರ್ಧ ತಿಂದು ಅವನು ಸುಸ್ತಾಗಿ ಮುಖ ಎತ್ತಿದ. ಮೀಸೆಗೆ ಮೀನಿನ ಚೂರು ಅಂಟಿತ್ತು. ಅಕ್ಕ ರೂಢಿಯಂತೆ ಸೆರಗಿನ ತುದಿ ಎತ್ತಿ ಬಾಯಿ ಒರೆಸಲು ಹೋದರು.

“ಒರೆಸಬೇಡ,” ಎಂದರು ಟೀಚರ್. “ವಾಸನೆ ಇರಲಿ.”

ಆ ಸಂಜೆ ರಿಕ್ಷಾ ಕರೆಯಲಿಲ್ಲ. ಹೆದರಿಕೆ ಅಂದಿಗೆ ಮುಗಿಯಲೂ ಇಲ್ಲ. ಒಂದು ದಿನ ತಿಂದು ಮರುದಿನ ಬಿಡುವ ಬೆಕ್ಕುಗಳಿವೆ ಎಂದು ಡಾಕ್ಟರರು ಹೇಳಿದ್ದರು. ನಾನು ನನ್ನ ಮನೆಗೆ ಮರಳಿದ ಮೇಲೂ ಪ್ರತಿ ಬೆಳಿಗ್ಗೆ ಬಸ್ಸಿಳಿದು ಗೇಟು ತೆರೆಯುವಾಗಲೇ “ತಿಂದನಾ?” ಎಂದು ಕೂಗಿ ಕೇಳುತ್ತಿದ್ದೆ. ದಿನಾ ಹೊಳೆಮೀನು ಸಿಗಲಿಲ್ಲ. ಸಿಗದ ದಿನ ಬೇಯಿಸಿದ ಮೊಟ್ಟೆ, ಡಬ್ಬಿಯ ಆಹಾರ, ಅಕ್ಕನ ಬೆರಳಿನಿಂದ. ಅಕ್ಕನ ಬೆರಳಿನಿಂದ ಟೀಚರ ಬೆರಳಿಗೆ, ಅಲ್ಲಿಂದ ಬಟ್ಟಲಿಗೆ ಬರಲು ವಾರಗಳು ಬೇಕಾದವು. ತೂಕ 6.05ರಲ್ಲಿ ನಿಂತಿತು. ಮುಂದಿನ ಶನಿವಾರ 6.09. ತೂಕ ಇಳಿಸಲು ಹೋದವಳು ಆ ನಲುವತ್ತು ಗ್ರಾಮಿಗೆ ಟೀಚರನ್ನು ಅಪ್ಪಿಕೊಂಡೆ. ವಸಡಿನ ಹಳದಿ ಮೊದಲು ಹೋಯಿತು, ಕಿವಿಯದ್ದು ಕೊನೆಗೆ.

ಇಳಿಸುವ ಕೆಲಸವನ್ನು ಮತ್ತೆ ಶುರು ಮಾಡಿದ್ದು ನವರಾತ್ರಿ ಕಳೆದ ಮೇಲೆ, ವಾರಕ್ಕೆ ಐವತ್ತು ಗ್ರಾಮಿನ ಲೆಕ್ಕದಲ್ಲಿ. ಬಟ್ಟಲು ಈಗ ಅಡುಗೆ ಮನೆಯ ಬಾಗಿಲ ಪಕ್ಕದಲ್ಲಿದೆ, ತಿನ್ನುವುದನ್ನು ಯಾರಾದರೂ ಒಬ್ಬರು ಕೂತು ನೋಡುತ್ತಾರೆ. ಅಕ್ಕನ ಮನೆಯ ಮೀನಿಗೂ ಅಳತೆ ಇದೆ. ಕರುಳು ಇಲ್ಲ, ಒಂದು ತುಂಡು ಮಾತ್ರ. ಭಟ್ಟರ ಪಾಯಸಕ್ಕೆ ಅನುಮತಿ ಸಿಕ್ಕಿಲ್ಲ.

ಈ ವರ್ಷ ದೋಣಿಗಳಿಗೆ ಮತ್ತೆ ಟರ್ಪಾಲು ಬಿದ್ದ ವಾರ ಅವರು ಕರೆಯದೆಯೇ ನಾನು ಹೋದೆ. ಅಕ್ಕ ಕುಟ್ಟನನ್ನು ಎತ್ತಿಕೊಂಡು ಮುಂಬಾಗಿಲಿನಿಂದಲೇ ಬಂದರು. ತೂಕದ ತಟ್ಟೆಯಲ್ಲಿ ಕೂರಿಸಿದಾಗ ಅಂಕಿಗಳು ಮೇಲೆ ಕೆಳಗೆ ಓಡಿದವು. ಅವು ನಿಲ್ಲುವವರೆಗೆ ನೋಡಲು ನನಗೆ ಧೈರ್ಯ ಬರಲಿಲ್ಲ. ಅವನ ಕಿವಿ ಮಗುಚಿ ಕಿಟಕಿಯ ಬೆಳಕಿಗೆ ಹಿಡಿದೆ.

“ಎಷ್ಟು ಮಗಾ?” ಎಂದರು ಟೀಚರ್.

“ಗುಲಾಬಿ,” ಎಂದೆ.